ಆಮೇಲೆ ಹಾಕಿದ ಮೈನಸ್

ಮಗಳ ಪರಿಮಳದ ರಬ್ಬರ್ ಮೂಗಿಗೆ ಹಿಡಿದರೆ ನನಗೆ ಈಗಲೂ ಗುಬ್ಬಿ ಊರಿನ ಆ ಟ್ಯೂಷನ್ ಕೋಣೆಯೇ ನೆನಪಾಗುತ್ತದೆ.

ಆಗ ಮೊದಲನೇ ಪಿಯುಸಿ. ದೊಡ್ಡಮ್ಮನ ಮಗಳು ಸುಮ ಅವತ್ತು ಹುಡುಗಿಯರೆಲ್ಲರ ಮುಂದೆ, "ಇವ್ಳು ಹಾಕಿರೋದು ನನ್ನ ಹಳೇ ಚೂಡಿದಾರ್ ಕಣ್ರೇ" ಎಂದಿದ್ದಳು. ಹಾಗೆಂದವಳೇ ಟೆಸ್ಟಿಗೆ ನನ್ನ ಪಕ್ಕ ಬಂದು ಕೂತಳು, ಎಂದಿನಂತೆ ನೋಡಿ ಬರೆಯಲು.

ಸ್ಲೋಪ್ ಎರಡಿರುವ ರೇಖೆಗೆ ಒಂದು ಬಿಂದುವಿನಿಂದ ಎಳೆದ ಲಂಬರೇಖೆಯ ಸಮೀಕರಣ ಕೇಳಿದ್ದರು. ಲಂಬದ ಸ್ಲೋಪ್ ಮೈನಸ್ ಅರ್ಧ, ಅದು ಎದುರು ದಿಕ್ಕಿಗೆ ವಾಲಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಮೈನಸ್ ಬಿಟ್ಟು ಪೆನ್ಸಿಲಿನಲ್ಲಿ ದಪ್ಪಗೆ ಬರೆದೆ. ಸುಮ ಅದನ್ನೇ ಪೆನ್ನಿನಲ್ಲಿ ಇಳಿಸಿಕೊಂಡು ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟಳು. ಆಮೇಲೆ ನಾನು ನಿಧಾನವಾಗಿ ನನ್ನ ಪರಿಮಳದ ರಬ್ಬರ್ ತೆಗೆದೆ.

ಮೇಷ್ಟ್ರು ಅಲ್ಲೇ ಪೇಪರ್ ತಿದ್ದಿ ಕೊಟ್ಟು, ಅವಳನ್ನು ಬೋರ್ಡಿಗೆ ಕರೆದು ಪ್ರಶ್ನೆಯ ರೇಖೆಯನ್ನೂ ಅವಳು ಬರೆದ ಲಂಬವನ್ನೂ ಎಳೆಸಿದರು. ಎರಡೂ ಒಂದೇ ಕಡೆಗೆ ವಾಲಿದವು.

"ಇದು ಲಂಬಾನೇನಮ್ಮಾ? ಅರ್ಧ ತೆಗ್ದಿರೋ ಕತ್ರಿ ಇದ್ದಂಗದೆ!"

ಹುಡುಗಿಯರೆಲ್ಲ ನಕ್ಕರು. ನಾನು ಚೂಡಿದಾರದ ಮಾಸಿದ ಅಂಚನ್ನು ಸವರುತ್ತಾ ಕೂತಿದ್ದೆ.

ದಾರಿಯಲ್ಲಿ ಸುಮ ಅಳುತ್ತಾ ಕೇಳಿದಳು: "ನಿಂದು ಮಾತ್ರ ಹೆಂಗೇ ಸರಿಯಾಯ್ತು?"

"ನೀನು ಎದ್ದೋದ್ಮೇಲೆ ಮೈನಸ್ ಹಾಕ್ದೆ. ನಿನ್ ಹಳೇದು ನಂಗೆ ಬಂತಲ್ಲ, ನನ್ ಹಳೇದು ನಿಂಗಿರ್ಲಿ ಬುಡು."