ಅರ್ಧ ಸುತ್ತು

ಒಗೆಯುವ ಮೆಷಿನ್ನಿನ ಡ್ರಮ್ಮು ಕುಂಟದೆ ಹೊರಟದ್ದನ್ನು ಕೇಳಿ ಸೇವಂತಿ ಗುಂಡಿಯಿಂದ ಬೆರಳು ತೆಗೆದುಬಿಟ್ಟಳು. ಡ್ರಮ್ಮಿನ ಎರಡು ಪಾಲಿನಲ್ಲಿ ಒಂದರೊಳಗೆ ಐವತ್ತು ಕಿಲೋ ಚಾದರ, ಇನ್ನೊಂದು ಪಾಲು ಖಾಲಿ. ಅಂಥಾ ಹೊತ್ತಿನಲ್ಲಿ ಅದು ಯಾವಾಗಲೂ ಒಂದು ಕಾಲು ಎಳೆದುಕೊಂಡೇ ತಿರುಗುತ್ತದೆ. ಇವತ್ತು ತಕ್ಕಡಿ ಸಮ ತೂಗಿದ ಹಾಗೆ, ಕುಂಟು ಸದ್ದೇ ಇಲ್ಲದೆ ಎದ್ದಿತು. ಅವಳು ಬೆರಳೆತ್ತಿದಳು, ಅದು ನಿಂತಿತು. ಒಳಗಿನಿಂದ ಮನುಷ್ಯನ ದನಿ ಬಂತು.

"ಯಾರವ್ವಾ ಅದು? ನಾ ಒಳಗದೀನಿ."

ಬೈಕುಲ್ಲಾದ ಆ ಲಾಂಡ್ರಿಗೆ ಬರುವುದೆಲ್ಲ ನರ್ಸಿಂಗ್ ಹೋಮುಗಳ ಬಟ್ಟೆ. ನೂರು ಕಿಲೋ ಒಗೆಯುವ ಮೆಷಿನ್ನನ್ನು ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕೂರಿಸಿದ್ದಾರೆ. ಈಚೆ ಬಾಗಿಲಿನಿಂದ ಕೊಳೆ ಬಟ್ಟೆ ಒಳಕ್ಕೆ, ಆಚೆ ಬಾಗಿಲಿನಿಂದ ಒಗೆದದ್ದು ಹೊರಕ್ಕೆ. ಸೇವಂತಿ ಈಚೆ ಒಂದು ಪಾಲು ತುಂಬಿ, ಇನ್ನೊಂದನ್ನು ಎದುರಿಗೆ ತರಲು ಅರ್ಧ ಸುತ್ತು ತಿರುಗಿಸಲು ಹೊರಟಿದ್ದಳು. ಆ ಇನ್ನೊಂದರಲ್ಲಿ ಮೆಕ್ಯಾನಿಕ್ ಈರಣ್ಣ ಕುಕ್ಕರಗಾಲಲ್ಲಿ ಕೂತು, ತೂತಿನಲ್ಲಿ ಸಿಕ್ಕಿ ಚಾದರಗಳನ್ನು ಹರಿಯುತ್ತಿದ್ದ ಸೂಜಿಯೊಂದನ್ನು ಕೀಳುತ್ತಿದ್ದ. ಆಚೆ ಬಾಗಿಲು ತೆರೆದಿದ್ದರೆ ಮೆಷಿನ್ ಅಲುಗಲೇಬಾರದು. ಆದರೆ ಹಾಗೆ ತಡೆಯುವ ಬಾಗಿಲಿನ ಸ್ವಿಚ್ಚು ಕೆಟ್ಟು ಮೂರು ತಿಂಗಳು. ಒಂದು ತುಂಡು ವೈರು ಸುತ್ತಿ ಓಡಿಸುತ್ತಿದ್ದರು. ಅದಕ್ಕೇ ಈರಣ್ಣ ಒಳಗಿಳಿಯುವ ಮುಂಚೆ ತನ್ನ ಚಪ್ಪಲಿಯನ್ನು ಸೇವಂತಿಯ ಗುಂಡಿಯ ಕೆಳಗೆ ಬಿಟ್ಟು ಹೋಗುವುದು ರೂಢಿ. ಚಪ್ಪಲಿ ಇದ್ದರೆ ಮನುಷ್ಯ ಒಳಗಿದ್ದಾನೆ.

ಅವಳು ಆಚೆ ಕೋಣೆಗೆ ಓಡಿದಳು. ಈರಣ್ಣ ಮೊಣಕೈ ಉಜ್ಜಿಕೊಳ್ಳುತ್ತ ಹೊರಗೆ ಬಂದ. ಬಾಗಿಲ ಅಂಚು ಹಿಡಿದಿದ್ದ ಕೈ. ಇನ್ನೊಂದು ಗೇಣು ತಿರುಗಿದ್ದರೆ ಡ್ರಮ್ಮಿಗೂ ಚೌಕಟ್ಟಿಗೂ ನಡುವೆ ಸಿಕ್ಕುತ್ತಿತ್ತು, ಕೈಯ ಹಿಂದೆ ಅವನೂ.

"ಚಪ್ಪಲಿ ಎಲ್ಲಿ?" ಎಂದಳು ಸೇವಂತಿ.

"ನಿನ್ನೆಯಿಂದ ಮೆಟ್ಟೂದಿಲ್ಲವ್ವ. ಈ ಸಲ ಯುಗಾದಿಗೆ ಊರವರ ಕೂಡ ಶ್ರೀಶೈಲಕ್ಕ ನಡಕೊಂಡು ಹೊಂಟೀನಿ. ಮಗಳ ಹೆರಿಗಿ ಸುಸೂತ್ರ ಆಗಲಿ ಅಂತ. ಮಲ್ಲಯ್ಯನ ಮುಂದ ನಿಂದ್ರೂತನಕ ಬರಿಗಾಲು ಅಂತ ಹರಕಿ ಹೊತ್ತು, ಚಪ್ಪಲಿ ಮನ್ಯಾಗ ಇಟ್ಟು..." ಏನು ಹೇಳುತ್ತಿದ್ದೇನೆಂದು ಅವನಿಗೆ ಆಗ ಹೊಳೆಯಿತು. ತನ್ನ ಬರಿಯ ಪಾದಗಳನ್ನೇ ನೋಡುತ್ತ ನಿಂತ.

ಗದ್ದಲಕ್ಕೆ ಮಾಲೀಕ ಸುಕೇಶ್ ಮೊಬೈಲು ಕಿವಿಗಿಟ್ಟುಕೊಂಡೇ ಬಂದ. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಉಸಿರು ಬಿಟ್ಟ. "ಏನೂ ಆಗ್ಲಿಲ್ಲ ಅಲ್ವಾ? ಚಲೋ, ದೇವರು ದೊಡ್ಡವ. ನಾಲ್ಕಕ್ಕೆ ಟೆಂಪೋ ಬರ್ತದೆ. ಚಾಲೂ ಮಾಡು ಮಾರಾಯ್ತಿ."

"ಮಲ್ಲಯ್ಯ ಕಾಯ್ದ," ಎಂದ ಈರಣ್ಣ, ಮೆಲ್ಲಗೆ.

"ನಿಮ್ಮನ್ನು ಕಾಯ್ದ," ಎಂದಳು ಸೇವಂತಿ. "ನನ್ನನ್ನು?"

"ನಿನಗೆ ಎಂತ ಆಗ್ತಿತ್ತು? ನೀನು ಹೊರಗೆ ಇದ್ದಿ ಅಲ್ವಾ?" ಸುಕೇಶ್ ನಕ್ಕ.

"ಹೌದು ಸುಕೇಶಣ್ಣ, ನಾನು ಹೊರಗೇ ಇರ್ತಿದ್ದೆ. ಸಂಜೆ ಲೋಕಲ್ ಹಿಡಿದು ಮನೆಗೆ ಹೋಗ್ತಿದ್ದೆ. ಈ ಕೈಯಲ್ಲೇ ಅನ್ನ ಕಲಸ್ತಿದ್ದೆ."

ಸುಕೇಶ್ ಮೊಬೈಲು ಜೇಬಿಗಿಳಿಸಿದ. "ಆಯ್ತು, ಒಂದು ಬೋರ್ಡ್ ಹಾಕುವ. ಹಿಂದಿ, ಮರಾಠಿ, ಎರಡರಲ್ಲೂ. ಒಳಗೆ ಮನುಷ್ಯ ಇದ್ದಾನೆ ಅಂತ."

"ಬೋರ್ಡ್ ನೇತುಹಾಕಾಂವಗೂ ಒಂದಿನ ಮರವು ಬರತೈತಿ," ಎಂದು ಈರಣ್ಣ ಸೀದಾ ಆಫೀಸಿಗೆ ಹೋದ. ಸುಕೇಶನ ಮೇಜಿನ ಡ್ರಾವರಿನಲ್ಲಿ ಹೊಸ ಸ್ವಿಚ್ಚು ಪೆಟ್ಟಿಗೆಯನ್ನೂ ಒಡೆಯದೆ ಮೂರು ತಿಂಗಳಿಂದ ಕೂತಿತ್ತು. ಕೂರಿಸಲು ಅರ್ಧ ದಿನ ಮೆಷಿನ್ ನಿಲ್ಲಿಸಬೇಕು, ನಿಲ್ಲಿಸುವ ದಿನ ಬಂದಿರಲಿಲ್ಲ. ಈರಣ್ಣ ಅದನ್ನು ಎತ್ತಿಕೊಂಡು ಬಂದ.

"ಅದು ಇವತ್ತೇ ಆಗ್ಬೇಕಾ? ನರ್ಸಿಂಗ್ ಹೋಮಿನವರು ನನ್ನ ತಲೆ ತಿಂತಾರೆ."

"ತಿನ್ನಲಿರಿ. ಆ ವೈರು ಸುತ್ತಿದಾಂವ ನಾನ. ನೀವು ಹೇಳಿದ್ರಿ, ನಾ ಸುತ್ತಿದೆ. ನಾನ ಬಿಚ್ಚತೀನಿ."

ಅವನು ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ಸೇವಂತಿಯ ಕೈಗೆ ಕೊಟ್ಟ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವಳು ಈಚೆ ಕೋಣೆಗೆ ಬಂದಳು. ಕೂರಲು ಆಗಲಿಲ್ಲ. ಮೂಟೆಗಳನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಿದಳು, ಮತ್ತೆ ಮೊದಲಿದ್ದಲ್ಲಿಗೇ ಸರಿಸಿದಳು. ನಲ್ಲಿಯಲ್ಲಿ ಕೈ ತೊಳೆದಳು, ಒರೆಸಿಕೊಂಡಳು, ಒಣಗುವ ಮುಂಚೆ ಮತ್ತೆ ತೊಳೆದಳು. ನಾಲ್ಕಕ್ಕೆ ಟೆಂಪೋ ಬಂದು ಗಲ್ಲಿಯಲ್ಲಿ ಹಾರ್ನ್ ಒತ್ತಿ ಒತ್ತಿ ಖಾಲಿಯಾಗಿ ಹೋಯಿತು. ಸುಕೇಶ್ ಫೋನಿನಲ್ಲಿ ಯಾರಿಗೋ ಕ್ಷಮೆ ಕೇಳುವುದು ಬಾಗಿಲಾಚೆಯಿಂದ ಕೇಳುತ್ತಲೇ ಇತ್ತು.

ಆರಕ್ಕೆ ಈರಣ್ಣ ಬಂದು ಫ್ಯೂಸು ಇಸಕೊಂಡು ಹೋದ. ಆಚೆ ಬಾಗಿಲನ್ನು ಪೂರಾ ತೆರೆದಿಟ್ಟು ಅಲ್ಲಿಂದಲೇ ಕೂಗಿದ. "ನಾ ದೂರ ನಿಂತೀನಿ. ಒತ್ತವ್ವ."

ಸೇವಂತಿ ಒತ್ತಿದಳು. ಡ್ರಮ್ಮು ಅಲುಗಲಿಲ್ಲ.

"ತಿರುಗಂಗಿಲ್ಲ," ಎಂದ ಈರಣ್ಣ.

ಮತ್ತೆ ಒತ್ತಿದಳು.

"ತಿರುಗಂಗಿಲ್ಲವ್ವ."

"ಸಾಕು, ಗುಂಡಿ ಹಾಳಾಗ್ತದೆ," ಎಂದ ಬಾಗಿಲಲ್ಲಿ ನಿಂತಿದ್ದ ಸುಕೇಶ್. ಅವಳಿಗೆ ಕೇಳಿಸಲಿಲ್ಲ. ಹೆಬ್ಬೆರಳಿನ ಉಗುರು ಬೆಳ್ಳಗಾಗುವ ಹಾಗೆ ಒತ್ತುತ್ತಲೇ ಇದ್ದಳು. ಗೋಡೆಯ ಆಚೆಯಿಂದ ಈರಣ್ಣ ಒಂದು ಸಲವೂ ಬೇಸರಿಸದೆ, ಪ್ರತಿ ಸಲವೂ ಹೇಳುತ್ತಲೇ ಇದ್ದ: "ಇಲ್ಲವ್ವ, ತಿರುಗಂಗಿಲ್ಲ. ತಿರುಗಂಗಿಲ್ಲ."