ಹೆರಿಗೆ ಕೋಣೆಯ ವಿಳಾಸ

ಆ ಊರಿನ ಬಾಗಿಲುಗಳು ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಯಾವ ಜಾಗದ ವಿಳಾಸ ಬರೆದಿದೆಯೋ ಆ ಜಾಗಕ್ಕೇ ತೆರೆದುಕೊಳ್ಳುತ್ತಿದ್ದವು. ಆಸ್ಪತ್ರೆಯ ಬಾಗಿಲುಗಳಿಗೆ ವಿಳಾಸ ಬರೆಯುವ ಕೆಲಸಕ್ಕೆ ಶಾಹಿದಾ ಸೇರಿ ಮೂರೇ ವಾರವಾಗಿತ್ತು. ಅಂದು ಹೆರಿಗೆ ಕೋಣೆಯ ಬಾಗಿಲು ತೆರೆದರೆ ಎದುರಿಗೆ ಬರೀ ಗೋಡೆ. ಹೊರಗೆ ಸ್ಟ್ರೆಚರ್ ಮೇಲೆ ಗರ್ಭಿಣಿಯೊಬ್ಬಳು ನೋವಿಗೆ ಚೀರುತ್ತಿದ್ದಳು.

"ಅಕ್ಕಾರ, ಎಲ್ಲಾ ಅಳಿಸಿ ಹೊಸದಾಗಿ ಬರೀಲೇನ್ರಿ?" ಶಾಹಿದಾ ಕೀಬೋರ್ಡಿನ ಮೇಲೆ ಕೈಯಿಟ್ಟು ಕೇಳಿದಳು.

"ಬ್ಯಾಡವಾ, ಉಳಿದ ಬಾಗಿಲಾನೂ ಬಂದ್ ಆಗ್ತಾವ," ಎಂದ ಹಿರಿಯ ಸಹೋದ್ಯೋಗಿ ನೀಲಗಂಗಕ್ಕ, ಆ ಚೀರಾಟದ ನಡುವೆಯೂ ಪರದೆಯ ಮೇಲಿನ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. "ಇಲ್ಲಿ ವಿಳಾಸದ ಮುಂದ ಓರೆಗೆರಿ, ಅದ ಸ್ಲ್ಯಾಶ್, ಬಿಟ್ಟೀ ನೋಡು. ನೀನ ಹಾಕು."

ಶಾಹಿದಾ ಹಾಕಿದಳು. ಗೋಡೆ ಕರಗಿ ಕೋಣೆ ಕಾಣಿಸಿತು, ಸ್ಟ್ರೆಚರ್ ಒಳಗೋಡಿತು.

ಮೇಲಧಿಕಾರಿ ಬಂದು ತಪ್ಪು ಯಾರದೆಂದು ಕೇಳಿದಾಗ, "ನಂದ್ರಿ, ನಾ ವಿಳಾಸ ಪರೀಕ್ಷೆ ಮಾಡ್ಲಿಲ್ಲ," ಎಂದುಬಿಟ್ಟರು ನೀಲಗಂಗಕ್ಕ.

ಅಂಥವರ ಹಿಂದೆ ಅಡಗಿ ನಿಲ್ಲಲು ಶಾಹಿದಾಳಿಗೆ ಮನಸ್ಸಾಗಲಿಲ್ಲ.

"ಗೆರಿ ಬಿಟ್ಟಾಕಿ ನಾನ್ರೀ ಸರ," ಎಂದಳು.