ಕೂದಲೆಳೆಯಷ್ಟು ಸೊಟ್ಟ

"ಮೋಸ!" ಎಂದು ಬಡಗಿ ಹಲಗೆಯನ್ನು ನೆಲಕ್ಕೆ ಎಸೆದ. ಬೆಳಗಿನಿಂದ ಇದು ಏಳನೆಯದು. "ಹಾಡಹಗಲಲ್ಲೇ ಟೋಪಿ ಹಾಕಿದಾನೆ ಆ ಮುದುಕ."

ಟೋಪಿ ಅವನ ಎದುರಿಗೇ ನಿಂತಿತ್ತು. ಕಬ್ಬಿಣದ ಮೇಜು, ಹೊಟ್ಟೆಯೊಳಗೆ ಮೋಟಾರು, ನಡುವಿನ ಸೀಳಿನಿಂದ ತಲೆ ಎತ್ತಿದ ದುಂಡು ಗರಗಸ. ಕಸುಬು ಬಿಟ್ಟ ಹಿರಿಯ ಬಡಗಿಯೊಬ್ಬನಿಂದ ಕೊಂಡ ಹಳೇ ಮಾಲು. ಎಂಟು ದಿನದೊಳಗೆ ಸರಿಬರದಿದ್ದರೆ ವಾಪಸ್ ಎಂದು ಮಾತಾಗಿತ್ತು. ಇವತ್ತು ಎಂಟನೇ ದಿನ.

ವಾಪಸ್ ಕೊಡಲು ಬಡಗಿಗೆ ಸುತರಾಂ ಮನಸ್ಸಿರಲಿಲ್ಲ. ಅವನ ಬಲಭುಜ ಸೋತಿತ್ತು. ಕೈಗರಗಸವನ್ನು ಹತ್ತು ಸಲ ಎಳೆದರೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಹೆಂಡತಿಯನ್ನು ಕರೆಯಬೇಕಿತ್ತು. ಈ ಯಂತ್ರ ದಾರಿಗೆ ಬಂದರೆ ಇನ್ನೂ ಹತ್ತು ವರ್ಷ ಕಸುಬು ಮಾಡಬಹುದು. ಬರದಿದ್ದರೆ ಮನೆಯಲ್ಲಿ ಕೂತು ನೊಣ ಹೊಡೆಯಬೇಕು.

ಅವನು ಮಾಡದ ಸರ್ಕಸ್ಸಿಲ್ಲ. ಮೇಜಿನಡಿ ಅಂಗಾತ ಮಲಗಿ ಬೋಲ್ಟು ಸಡಿಲಿಸಿದ, ಬಿಗಿದ. ತಗಡಿನ ಚೂರು ತುರುಕಿದ. ಕೊಯ್ದ ಹಲಗೆಯ ಮೂಲೆ ನೆಟ್ಟಗಿದೆಯೇ ಎಂದು ಕಬ್ಬಿಣದ ಮೂಲೆಮಟ್ಟ ಹಿಡಿದು ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ನಾಲ್ಕು ಹಲಗೆ ಸೇರಿಸಿ ಚೌಕಟ್ಟು ಮಾಡಿದರೆ ಮಾತ್ರ ನಾಲ್ಕನೇ ಮೂಲೆ ಬಾಯಿ ಬಿಡುತ್ತಿತ್ತು. ಕೈಯಲ್ಲಿ ಮಾಡುವಾಗ ಒಂದಿಷ್ಟು ಕೀಸಿ, ಕೆತ್ತಿ, ಗೋಡೆ ಕಟ್ಟಿದವನನ್ನು ಬೈದು ಕೂರಿಸಿಬಿಡುತ್ತಿದ್ದ. ಯಂತ್ರಕ್ಕೆ ಅಂಥ ದಾಕ್ಷಿಣ್ಯವಿರಲಿಲ್ಲ.

"ಗರಗಸ ಓಡೋವಾಗ ನಡುಗಿ ಜರುಗುತ್ತೆ. ಇನ್ನೇನೂ ಅಲ್ಲ," ಎಂದ.

"ವಾಪಸ್ ಕೊಟ್ಟು ಕೈ ತೊಳ್ಕೊಳ್ಳಿ ರೀ," ಎಂದಳು ಹೆಂಡತಿ. ಮೂಲೆಮಟ್ಟವನ್ನು ಅವನ ಕೈಯಿಂದ ತೆಗೆದುಕೊಂಡು, ಒರೆಸಿ, ಎಣ್ಣೆಬಟ್ಟೆಯಲ್ಲಿ ಸುತ್ತಿದಳು. ಅದು ಅವನ ಅಪ್ಪ ಕೊಟ್ಟದ್ದು. ಅದು ಹೇಳಿದ್ದೇ ವೇದವಾಕ್ಯ. ಹನ್ನೊಂದು ವರ್ಷದಿಂದ ಅದನ್ನು ಒರೆಸಿಡುವ ಕೆಲಸ ಅವಳದೇ. ಬೇರೆಯವರ ಹೆಂಡತಿಯರು ಉಳಿ ಯಾವುದು ಸುತ್ತಿಗೆ ಯಾವುದು ಎಂದೂ ಅರಿಯರು ಎಂದು ಬಡಗಿ ಬೀಗುತ್ತಿದ್ದ.

ಫೋನು ಮಾಡಿದ್ದಕ್ಕೆ ಮುದುಕ ಮಧ್ಯಾಹ್ನ ಬಂದ. ಗರಗಸವನ್ನೊಮ್ಮೆ ಕೈಯಲ್ಲಿ ತಿರುಗಿಸಿದ, ಅಲುಗಿಸಿ ನೋಡಿದ.

"ನನ್ನ ಯಂತ್ರ ಬಂಡೆ ಇದ್ದ ಹಾಗಿದೆ. ನಿನ್ನ ಮೂಲೆಮಟ್ಟ ನೋಡ್ಕೋ."

"ನಮ್ಮಪ್ಪನ ಮೂಲೆಮಟ್ಟಕ್ಕೆ ಹೆಸರಿಡ್ತೀರಾ?"

"ನಿಮ್ಮಪ್ಪನಿಗಲ್ಲಪ್ಪ, ಮೂಲೆಮಟ್ಟಕ್ಕೆ. ಇನ್ನೊಂದು ತಾ, ಹೋಲಿಸೋಣ. ಈ ಬೀದೀಲಿ ಯಾರ ಹತ್ರ ಇದೆ?"

ಬಡಗಿ ಮರದ ಹೊಟ್ಟು ಗುಡಿಸತೊಡಗಿದ. ಇದ್ದದ್ದು ಎದುರು ಮನೆಯ ಗಾರೆಯವನ ಹತ್ತಿರ. ಗಾರೆಯವನು ಹೆಂಡತಿಯ ಖಾಸಾ ಅಣ್ಣ. ಬಡಗಿಗೂ ಅವನಿಗೂ ಮಾತು ನಿಂತು ಹನ್ನೊಂದು ವರ್ಷ.

ಅದಕ್ಕೆ ಮೊದಲು ಇಬ್ಬರದೂ ಒಂದೇ ಜೀವ. ದಿನಾ ಸಂಜೆ ಬಡಗಿಯ ಮುಂದಿನ ಕೋಣೆಯಲ್ಲಿ ಇಸ್ಪೀಟು, ಬೀಡಿ ಹೊಗೆ, ಸೂರು ಹಾರುವ ನಗು, ಐದು ಸುತ್ತು ಕಾಫಿ. ಆಮೇಲೆ ಗಾರೆಯವನ ಹೊಸ ಮನೆಗೆ ಬಡಗಿ ಬಾಗಿಲು ಮಾಡಿದ. ಬಾಗಿಲು ಕೂರಲಿಲ್ಲ. ಗೋಡೆ ಸೊಟ್ಟ ಎಂದು ಇವನು, ಬಾಗಿಲು ಸೊಟ್ಟ ಎಂದು ಅವನು. ಗಾರೆಯವನು ಇವತ್ತಿಗೂ ಆ ಬಾಗಿಲು ಬದಲಾಯಿಸಿರಲಿಲ್ಲ, ಸಾಕ್ಷಿಗೆ ಬೇಕಂತೆ. ಬೆಳಿಗ್ಗೆ ಒದ್ದು ತೆರೆಯುತ್ತಿದ್ದ. ಬಡಗಿ ಹೊರಗೆ ನಿಂತಿದ್ದರೆ ಇನ್ನೂ ಜೋರಾಗಿ ಒದೆಯುತ್ತಿದ್ದ.

ಮುದುಕನಿಗೆ ಈ ರಾಮಾಯಣವೆಲ್ಲ ಗೊತ್ತಿರಲಿಲ್ಲ. ಹೆಂಡತಿ "ಬೇಡ, ಬೇಡ" ಎನ್ನುತ್ತಿದ್ದಂತೆಯೇ ಬೀದಿಗಿಳಿದು ಮೂಲೆಮಟ್ಟ ಬೇಕೆಂದು ಕೂಗಿದ. ಗಾರೆಯವನು ಮೂಲೆಮಟ್ಟ ಹಿಡಿದು ಬಂದೇಬಿಟ್ಟ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುದುಕ ಹಲಗೆಯ ಅಂಚಿಗೆ ಗಾರೆಯವನ ಮೂಲೆಮಟ್ಟವಿಟ್ಟು ಗೆರೆ ಎಳೆದ. ಅದನ್ನೇ ಮಗುಚಿಟ್ಟು ಅದೇ ಬಿಂದುವಿನಿಂದ ಮತ್ತೊಂದು ಎಳೆದ. ಗೆರೆಯ ಮೇಲೆ ಗೆರೆ ಕೂತಿತು. ಬಡಗಿಯದನ್ನೂ ಹಾಗೇ ಮಾಡಿದ. ಒಂದೇ ಬಿಂದುವಿನಿಂದ ಹೊರಟ ಎರಡು ಗೆರೆ ಮೇಲೆ ಹೋಗುತ್ತ ಹೋಗುತ್ತ ಅಗಲವಾದವು.

ಬಡಗಿ ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತ.

ಗಾರೆಯವನು ಆ ಮೂಲೆಮಟ್ಟವನ್ನು ತಿರುಗಿಸಿ ನೋಡಿದ. ಹಿಡಿಯ ಬೆನ್ನಿಗೆ ಎರಡು ತಗ್ಗು ಬಿದ್ದಿತ್ತು. ಆಡಿಕೊಳ್ಳಲೆಂದೇ ಬಂದವನು, ಬಡಗಿಯ ಮುಖ ನೋಡಿ ಮೆತ್ತಗಾದ. "ಎಲ್ಲೋ ಬಿದ್ದಿರ್ಬೇಕು ಬಿಡಿ," ಎಂದ.

ಬಡಗಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು.

"ಭಾವ," ಎಂದ. "ನಿಮ್ಮ ಗೋಡೆ ನೆಟ್ಟಗಿತ್ತು."

"ನನಗೆ ಗೊತ್ತಿತ್ತಲ್ಲ!"

ಇಬ್ಬರೂ ನಕ್ಕರು, ಸೂರು ಹಾರುವಂತೆ. ಗಾರೆಯವನ ಮೂಲೆಮಟ್ಟವಿಟ್ಟು ಯಂತ್ರವನ್ನು ಕೂರಿಸಿದ್ದೇ ತಡ, ನಾಲ್ಕನೇ ಮೂಲೆ ಬಾಯಿ ಮುಚ್ಚಿತು. ಮುದುಕ ಮೀಸೆ ತಿರುವಿಕೊಂಡು ಹೋದ.

ಸಂಜೆ ಮುಂದಿನ ಕೋಣೆಯಲ್ಲಿ ಇಸ್ಪೀಟು ಬಿಚ್ಚಿಕೊಂಡಿತು. ಕಿಟಕಿ ಪಕ್ಕದ ಕುರ್ಚಿ ಇಷ್ಟು ವರ್ಷ ಹೆಂಡತಿಯದಾಗಿತ್ತು. ಸಂಜೆಯ ರೇಡಿಯೊ ಅವಳು ಕೇಳುತ್ತಿದ್ದದ್ದು ಅಲ್ಲಿಯೇ. ಅಣ್ಣ ಅದರಲ್ಲಿ ಕೂತು, ರೇಡಿಯೊ ಆರಿಸಿ, ಆಗಷ್ಟೇ ಒರೆಸಿದ ನೆಲಕ್ಕೆ ಬೀಡಿಯ ಬೂದಿ ಕೊಡವಿದ.

"ನಾಳೆ ನಿಮ್ಮ ಮನೆ ಬಾಗಿಲು ಹೊಸದಾಗಿ ಮಾಡೋಣ ಭಾವ," ಎಂದ ಬಡಗಿ. "ನಿಮ್ಮ ಮೂಲೆಮಟ್ಟ ಇಲ್ಲೇ ಇರಲಿ."

"ಇರಲಿ, ಇರಲಿ. ಇನ್ಮೇಲೆ ದಿನಾ ಸಂಜೆ ನಾನೂ ಇಲ್ಲೇ. ತಂಗೀ, ಇನ್ನೊಂದು ಸುತ್ತು ಕಾಫಿ!"

ಅದು ನಾಲ್ಕನೇ ಸುತ್ತು. ಅವಳು ಒಳಗೆ ಹೋದಳು. ಕಾಫಿ ಬರಲು ತಡವಾಯಿತು. ಹಿಂದಿನ ಕೆಲಸದ ಕೋಣೆಯಿಂದ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು ಕೇಳಿಸಿತು. ಎರಡೇ ಏಟು.

"ಏನೇ ಅದು ಸದ್ದು?" ಎಂದ ಬಡಗಿ, ಎಲೆಗಳಿಂದ ಕಣ್ಣೆತ್ತದೆ.

"ಏನಿಲ್ಲ ರೀ. ಅಣ್ಣನ ಮೂಲೆಮಟ್ಟ ಒರೆಸಿಡ್ತಿದ್ದೀನಿ, ಆವತ್ತು ನಿಮ್ಮದನ್ನ ಒರೆಸಿಟ್ಟ ಹಾಗೇ."